ರಾಯಚೂರಿಗೆ ಹೀಟರ್ ಯಾತಕ್ಕ

"ಹೀಟರ್ ಜಲ್ದಿ ಕಾಯವಲ್ದು" ಅಂದ ತಾಯಪ್ಪ.
ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು.
ಡಿಸೆಂಬರ್ ಆದರೇನು,
ಹನ್ನೆರಡು ಹೊಡೆದರೆ ನಮ್ಮ ತಗಡಿನ ಕೆಳಗೆ
ಪಾನಾ ಹಿಡಿದ ಕೈ ಚುರ್ ಅನ್ನುತ್ತದೆ.
ಪಂಚರ್ ಹಾಕುವ ಹುಡುಗ ಕೂಗಿದ:
"ಕಾಕಾ, ಗಾಡಿ ಬಿಸಿಲಿಗೆ ನಿಂದ್ರಸ್ರಿ, ಪುಕ್ಕಟೆ ಹೀಟರ್!"

ತಾಯಪ್ಪ ನಗಲಿಲ್ಲ.
ವಾರಕ್ಕೆ ಎರಡು ಸಲ ಮಾನವಿಯಿಂದ ನರಸಮ್ಮನನ್ನು ಕರೆತರುತ್ತಾನಂತೆ
ರಕ್ತ ತೊಳೆಯುವ ಮಷೀನಿಗೆ.
ಕಡೆಯ ಪಾಳಿ. ಎದ್ದು ಬರುವಾಗ ರಾತ್ರಿ ಹತ್ತು.
ಆಮೇಲೆ ಥಂಡಿ ಹತ್ತುತ್ತದೆ ಆಕೆಗೆ,
ಕೌದಿಗೂ ಬಗ್ಗದ, ಹಲ್ಲು ಕಟಕಟಿಸುವ ಥಂಡಿ.
"ನೀರಮಾನವಿ ದಾಟಿದ ಮ್ಯಾಲ ಒಂಚೂರು ಬೆಚ್ಚಗಾಗ್ತದ.
ಅಷ್ಟರಾಗ ಊರೇ ಬಂದಿರ್ತದ."

ಹುಡುಗ ಟ್ಯೂಬಿನ ಕಡೆ ಮುಖ ಮಾಡಿ ಕೂತ.

ಕೂಲಂಟ್ ನೋಡಿದೆ, ತುಂಬಿತ್ತು.
ಫ್ಯಾನು ಬೀಸುತ್ತಿತ್ತು, ಕೇಬಲ್ ಎಳೆದರೆ ನಳ ತೆರೆಯುತ್ತಿತ್ತು.
ಹೀಟರಿನ ಎರಡೂ ಪೈಪು ಮುಟ್ಟಿದೆ:
ಎರಡೂ ಒಂದೇ ಸಮ ಉಗುರುಬೆಚ್ಚಗೆ,
ಅಂದರೆ ಕಟ್ಟಿಕೊಂಡಿಲ್ಲ ಒಳಗೆ ಏನೂ.
ಗಾಡಿ ತಣಿಯಲಿ ಅಂತ ಬಿಟ್ಟು
ಚಹಾ ಕುಡಿದು ಬಂದು ಮತ್ತೆ ಚಾಲೂ ಮಾಡಿ
ರೇಡಿಯೇಟರಿನ ಮೇಲಿನ ಪೈಪಿಗೆ ಅಂಗೈ ಇಟ್ಟೆ.
ಎರಡೇ ನಿಮಿಷ. ಬಿಸಿ ಏರತೊಡಗಿತು.
ಏರಬಾರದು. ಇಂಜಿನ್ ತಾನು ಕಾಯುವ ತನಕ
ಆ ನೀರು ಹೊರಗೆ ಬರಲೇಬಾರದು.
ಮುಳ್ಳು ನೋಡಿದರೆ ಇನ್ನೂ ಕೆಳಗೇ ಮಲಗಿದೆ.

ಥರ್ಮೋಸ್ಟಾಟಿನ ಮುಚ್ಚಳಕ್ಕೆ ಪಾನಾ ಹಚ್ಚಿದೆ.
ಒಂದು ಬೋಲ್ಟಿನ ತಲೆ ಹತ್ತರದ್ದು,
ಇನ್ನೊಂದರದ್ದು ಹನ್ನೆರಡು.
ಕೈ ಅಲ್ಲೇ ನಿಂತಿತು.

ಆ ಹನ್ನೆರಡರ ಬೋಲ್ಟು ನನಗೆ ಗೊತ್ತು.

ಒಂಬತ್ತು ವರ್ಷದ ಹಿಂದೆ, ಇದೇ ಬಿಳಿ ಇಂಡಿಕಾ,
ಆಗ ಬೇರೆ ಯಾರದ್ದೋ.
ಬೋಲ್ಟು ಗಟಾರಕ್ಕೆ ಬೀಳಿಸಿ
ಹುಸೇನಪ್ಪ ಉಸ್ತಾದರ ಕೈಲಿ ಬೈಸಿಕೊಂಡಿದ್ದೆ.
ಉಸ್ತಾದರದ್ದು ಒಂದೇ ಮಾತು:
"ಉರಿಯೋ ಊರಾಗ ನೀರಿಗೆ ಬಾಗಿಲಾ ಯಾಕಲೇ? ಕಿತ್ತು ಒಗಿ."
ಬಂದ ಗಾಡಿಗಳದ್ದೆಲ್ಲ ಕಿತ್ತೆ. ಬೇಸಿಗೆಯಲ್ಲಿ ಯಾವ ಗಾಡಿಯೂ ಕುದಿಯಲಿಲ್ಲ.
ಜನ ಕೈಮುಗಿದು ಹೋದರು.

ಮುಚ್ಚಳ ತೆಗೆದೆ. ಒಳಗೆ
ಹಕ್ಕಿ ಹಾರಿಹೋದ ಗೂಡಿನ ಹಾಗೆ ಬೆಳ್ಳಗೆ ಕಟ್ಟಿದ ಸುಣ್ಣ.

ಅಟ್ಟದ ಮೇಲೆ ಡಾಲ್ಡಾ ಡಬ್ಬಿ ಇನ್ನೂ ಇತ್ತು.
ಕಿತ್ತ ವಾಲ್ವುಗಳನ್ನು ಉಸ್ತಾದರು ಒಗೆಯಲು ಹೇಳಿದ್ದು ನಿಜ,
ಹಿತ್ತಾಳೆ ಆಸೆಗೆ ನಾನು ಒಗೆದಿರಲಿಲ್ಲ.
ಇದಕ್ಕೆ ಕೂರುವ ಅಳತೆಯವು ಆರು ಆರಿಸಿ
ದಾರ ಕಟ್ಟಿ, ಅಯ್ಯಮ್ಮನ ಚಹಾದಂಗಡಿಯ
ಪಾತೇಲಿಯಲ್ಲಿ ಇಳಿಬಿಟ್ಟೆ.
"ಏನದು, ಮೀನಾ?" ಅಂದಳು ಅಯ್ಯಮ್ಮ.
ಮೂರು ಬಾಯೇ ಬಿಡಲಿಲ್ಲ.
ಎರಡು ಹುಟ್ಟಾ ಬಾಯಿಬಡುಕರ ಹಾಗೆ ತೆರೆದೇ ಇದ್ದವು.
ಒಂದು ಮಾತ್ರ
ಸುಮ್ಮನೆ ಇತ್ತು, ಸುಮ್ಮನೆ ಇತ್ತು,
ನೀರು ಗುಳುಗುಳು ಅನ್ನುವುದಕ್ಕೆ ತುಸು ಮುಂಚೆ
ನಿದ್ದೆಯಿಂದ ಎದ್ದವರ ಹಾಗೆ ಮೆಲ್ಲಗೆ ತೆರೆಯಿತು.
ತಣ್ಣೀರು ಸುರಿದೆ. ಮುಚ್ಚಿತು.

ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ.
ಗಾಳಿ ಹೊರಡಿಸಿದೆ. ಹತ್ತರ ಬೋಲ್ಟು ಹುಡುಕಿ ಬಿಗಿದೆ.
ಮಜೂರಿ ಎಷ್ಟು ಅಂದ ತಾಯಪ್ಪ.
ಒಂಬತ್ತು ವರ್ಷದ ಹಿಂದೆಯೇ ತಗೊಂಡಿದ್ದೆ ಅಂತ
ಹೇಳಲಿಕ್ಕೆ ನಾಲಿಗೆ ಬರಲಿಲ್ಲ.
"ಗ್ಯಾಸ್ಕೆಟಿಂದು ಅರವತ್ತು ಕೊಡು" ಅಂದೆ.

ಮರುದಿನ ಮಧ್ಯಾಹ್ನ ಫೋನು.
"ಕಲ್ಮಲಾಕ್ಕೇ ಕೌದಿ ತೆಗದಳು.
ಇನ್ನೊಂದು ಹರದಾರಿ ಹೋಗಿರಲಿಲ್ಲ,
ಯಪ್ಪಾ, ಭಾಳ ಸೆಕಿ ಆಗ್ತದ, ಕಿಡಕಿ ತೆಗಿ ಅಂದಳು."

ತಗಡು ಕಾದಿತ್ತು.
ಡಾಲ್ಡಾ ಡಬ್ಬಿ ಒಗೀಲೇನು ಅಂತ ಹುಡುಗ ಕೇಳುತ್ತಿದ್ದ.
ಅವನ ಕೈಯಿಂದ ತಗೊಂಡು
ಒಳಗೆ ಎಷ್ಟಿವೆ ಅಂತ ಎಣಿಸಲಿಕ್ಕೆ ಕೂತೆ.